ತೊಟ್ಟಿಲು ಹೊತ್ತ ಓಟ

ತಲೆಯ ಮೇಲೆ ಮರದ ತೊಟ್ಟಿಲು. ಬೆನ್ನ ಹಿಂದೆ ಇಬ್ಬರು ಪೈಲ್ವಾನರು, ಒಂದು ಜಾವಾ ಬೈಕು!

"ಲೇ ಪಾಲಣ್ಣ! ತೊಟ್ಲು ಇಳ್ಸಲೇ! ಕಾಲು ಮುರೀತೀವಿ!"

"ಮೊದ್ಲು ಹಿಡೀರಲೇ!"

ನಗಬೇಡಿ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ, ಹಾಡಹಗಲು, ತೊಟ್ಟಿಲು ಹೊತ್ತು ಓಡಿ ನೋಡಿ... ಆಮೇಲೆ ನಗಿ!

ನನ್ನ ಕಸುಬೇ ಇಂಥದ್ದು. ಪೊಲೀಸರಿಗೆ ಬೇಡವಾದ, ವಕೀಲರಿಗೆ ಗಿಟ್ಟದ ಕೇಸುಗಳೆಲ್ಲ ನನ್ನ ಬಳಿ ಬರುತ್ತವೆ. ಎಪ್ಪತ್ತೆರಡರ ಚಳಿಗಾಲದಲ್ಲಿ ಈ ಕೇಸು ತಂದವಳು ಕಾಳಕ್ಕ. ಮತ್ತೋಡು ಹಳ್ಳಿಯಲ್ಲಿ ಕುರಿ ಕಾಯ್ದು, ಮಗನ ಜೊತೆ ಪೇಟೆ ಸೇರಿದ ಮುದುಕಿ. ಫೀಸು ಒಂದು ಕರಿ ಕಂಬಳಿ. ಅಡ್ವಾನ್ಸಾಗಿಯೇ ನನ್ನ ಹೆಗಲೇರಿತ್ತು.

ಕೇಸು ಏನು ಅಂತೀರಾ? ಹೊಗೆ!

ಕಾಳಕ್ಕನ ಬೀದಿಗೆ ಅಂಟಿಕೊಂಡೇ ಕಾಟಲಿಂಗಪ್ಪನ ಎಣ್ಣೆ ಮಿಲ್ಲು. ಶೇಂಗಾ ಹೊಟ್ಟು ಉರಿಸುವ ಬಾಯ್ಲರ್. ಚಿಮಣಿ ಎಷ್ಟು ಗಿಡ್ಡ ಅಂದರೆ ಹೊಗೆ ಮೇಲೆ ಹೋಗದೆ ಸೀದಾ ಮನೆಗಳಿಗೆ ನುಗ್ಗುತ್ತಿತ್ತು. ಆ ಚಳಿಗಾಲ ಎರಡು ಹಸುಗೂಸುಗಳು ಕೆಮ್ಮಿ ಕೆಮ್ಮಿ ಹೋದವು. ಜನ ದೃಷ್ಟಿ ಅಂದುಕೊಂಡರು. ಉಬ್ಬಸದ ಕೂಸುಗಳಿಗೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು... ಇನ್ನಷ್ಟು ಹೊಗೆ! ಈಗ ಕಾಳಕ್ಕನ ಮೊಮ್ಮಗಳ ಸರದಿ. ಎದೆಯಲ್ಲಿ ಗೊರಗೊರ. ಅಳುವುದಕ್ಕೂ ಉಸಿರಿಲ್ಲ. ಹೊಗೆ ತಪ್ಪದಿದ್ದರೆ ಇದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಮಿಲ್ಲಿಗೆ ಹೋದೆ.

"ಸಾವ್ಕಾರ್ರೆ, ಚಿಮಣಿ ಎತ್ತರ ಮಾಡಿಸ್ರಿ. ಕೂಸುಗಳು ಸಾಯ್ತಾ ಅವೆ."

"ನನ್ ಹೊಗೆ ಸಾಂಬ್ರಾಣಿ ಇದ್ದಂಗೆ ಐತೆ ಕಣಲೇ! ಸಾಯೋದು ಸೊಳ್ಳೆ, ಕೂಸಲ್ಲ. ನಡಿಯಾಚೆ!"

ಸರಿ. ನಡೆದೆ.

ಆದರೆ ಅವನ ಜುಟ್ಟೂ ಒಂದು ಕಡೆ ಸಿಕ್ಕಿಕೊಂಡಿತ್ತು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಹತ್ತಿರ ಬಂದಿತ್ತು. ಮಕ್ಕಳು ಬದುಕಿ ಬಾಳಿದ ಮನೆಯ ತೊಟ್ಟಿಲನ್ನು ಕೇಳಿ ತರುವುದು ನಮ್ಮ ಕಡೆಯ ರೂಢಿ. ಕಾಳಕ್ಕನ ತೊಟ್ಟಿಲಲ್ಲಿ ಮತ್ತೋಡಿನಲ್ಲಿ ಮಲಗಿದ ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಬೆಳೆದಿದ್ದವು. ಅದೇ ಬೇಕೆಂದು ಅವನ ಹೆಂಡತಿ ಏಕನಾಥಮ್ಮನ ಹಟ. ಆದರೆ ಅವಳ ಪರ ಹೋದ ನನ್ನನ್ನು ಬೈದು ಕಳಿಸಿದ ಸಾಹುಕಾರ, ಅವಳ ಮುಂದೆಯೇ ಕೈ ಚಾಚುವುದುಂಟೇ? ಕಿತ್ತು ತರಲು ಪೈಲ್ವಾನರನ್ನು ಕಳಿಸಿದ. ಸುದ್ದಿ ಬೆಳಗ್ಗೆಯೇ ನನ್ನ ಕಿವಿಗೆ ಬಿದ್ದಿತ್ತು.

ಅವರು ಕಾಳಕ್ಕನ ಮುಂಬಾಗಿಲಿಗೆ ಬಂದರು... ನಾನು ತೊಟ್ಟಿಲು ಹೊತ್ತು ಹಿತ್ತಲಿನಿಂದ ಹಾರಿದೆ!

ಬೈಕು ಹತ್ತಿರ ಬಂತು. ಸಂದಿಗೆ ನುಗ್ಗಿದೆ. ಹಿಂದೆ ಕುಳಿತವನ ಕೈ ನನ್ನ ಕಂಬಳಿಗೆ ಬಿತ್ತು. ಗಿರ್ರನೆ ತಿರುಗಿದೆ. ತೊಟ್ಟಿಲಿನ ಮೂಲೆ ಅವನ ಮೂಗಿಗೆ... ಬೈಕು ತಿಪ್ಪೆಗೆ!

ಆದರೆ ನಾನು ಓಡುತ್ತಿದ್ದುದು ತಪ್ಪಿಸಿಕೊಳ್ಳಲು ಅಲ್ಲ. ಹೋಗಿ ನಿಂತದ್ದು ಕಾಟಲಿಂಗಪ್ಪನ ಮನೆಯ ಮುಂದೆ! ಜಗುಲಿ ತುಂಬ ಹೆಂಗಸರು. ನಡುವೆ ಏಕನಾಥಮ್ಮ ಅಕ್ಕಿ ಆರಿಸುತ್ತಿದ್ದಳು.

"ಅಮ್ಮಾರೆ, ಕಾಳಕ್ಕನ ತೊಟ್ಲು ಕಿತ್ಕಂಡು ಬರಾಕೆ ಯಜಮಾನ್ರು ಆಳು ಕಳ್ಸಿದ್ರು. ಅವ್ರಿಗ್ಯಾಕೆ ತೊಂದ್ರೆ ಅಂತ ನಾನೇ ತಂದೆ!"

ಅಕ್ಕಿಯ ಮೊರ ಕೆಳಗಿಳಿಯಿತು. ಕಾಟಲಿಂಗಪ್ಪ ಹೊರಗೆ ಬಂದ.

"ಕಿತ್ಕಂಡು ತಂದ ತೊಟ್ಲಾಗೆ ನನ್ ಮೊಮ್ಮಗನ್ನ ಹಾಕಾಕೆ ಹೊಂಟಿದ್ರೇನ್ರೀ?" ಏಕನಾಥಮ್ಮ ಗುಡುಗಿದಳು. "ನಡೀರಿ! ಉಡಿ ತುಂಬಿ ಕೇಳಿ ತರಾಣ!"

ತೊಟ್ಟಿಲು ವಾಪಸ್ ಕಾಳಕ್ಕನ ಮನೆಗೆ ಬಂತು. ಜೊತೆಗೆ ಸಾಹುಕಾರನ ಇಡೀ ಮನೆತನ! ಉಡಿ ತುಂಬಿಸಿಕೊಂಡ ಕಾಳಕ್ಕ, ನಾನು ಹೇಳಿಕೊಟ್ಟಂತೆಯೇ ಶುರುಮಾಡಿದಳು.

"ಕೊಡ್ತೀನವ್ವ. ಆದ್ರೆ ಕೂಸ್ನ ಮೊದ್ಲು ಇಲ್ಲೇ ಮಲಗಿಸ್ಬೇಕು. ಆಮ್ಯಾಲೆ ತಗಂಡ್ ಹೋಗ್ರಿ. ನಮ್ ಕುರಿಯೋರ ಪದ್ಧತಿ."

ಆ ಪದ್ಧತಿ ಹುಟ್ಟಿದ್ದು ಅವತ್ತು ಬೆಳಗ್ಗೆ. ನನ್ನ ಬಾಯಲ್ಲಿ!

ಏಕನಾಥಮ್ಮನ ಮಗಳು ತನ್ನ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ಪಕ್ಕದಲ್ಲೇ ಕಾಳಕ್ಕನ ಮಡಿಲಲ್ಲಿ ಮೊಮ್ಮಗಳ ಗೊರಗೊರ. ಬಾಗಿಲಿನಿಂದ ಹೊಗೆ ಒಳಗೆ ಬಂತು. ಕಾಟಲಿಂಗಪ್ಪ ಒಮ್ಮೆ ಚಿಮಣಿ ನೋಡಿದ, ಒಮ್ಮೆ ಮೊಮ್ಮಗನನ್ನು ನೋಡಿದ. ಚಳಿಯಲ್ಲೂ ಬೆವರು!

"ಬ್ಯಾಡ ಕಣೆ... ಕೂಸ್ನ ಎತ್ಕ. ಮನೆಗೆ ಹೋಗಾಣ."

"ಯಾಕ್ರಿ ಸಾವ್ಕಾರ್ರೆ?" ನಾನು ತೊಟ್ಟಿಲ ಕೂಸಿನ ಮೇಲೆ ಬಗ್ಗಿ ಮುದ್ದು ಮಾಡುತ್ತಾ ಕೇಳಿದೆ. "ಸಾಂಬ್ರಾಣಿ ಅಲ್ವ?"

"ಹಾಕ್ಷಿ!"

ಕೂಸು ಸೀನಿತು.

ಕಾಟಲಿಂಗಪ್ಪ ಬೀದಿಗೇ ಹಾರಿದ. "ಲೇ! ಬಾಯ್ಲರ್ ಆರಿಸ್ರಲೇ!"

ಏಕನಾಥಮ್ಮ ಕಾಳಕ್ಕನ ಮೊಮ್ಮಗಳ ಎದೆ ಮುಟ್ಟಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನಿಮಗೆ ಮೊದ್ಲೇ ಗೊತ್ತಿತ್ತು! ಚಿಮಣಿ ಎತ್ತರ ಆಗಾಕ್ ಮುಂಚೆ ಬಾಯ್ಲರ್ ಹಚ್ಚಿದ್ರೆ... ಮನೇಲಿ ಒಲೇನೂ ಹಚ್ಚಲ್ಲ ನಾನು!"

ಹೆಂಡತಿಯ ಆರ್ಡರ್ ಅಂದರೆ ಹೈಕೋರ್ಟಿಗೂ ಅಪೀಲಿಲ್ಲ. ಗಾರೆಯವರು ಬಂದರು, ಚಿಮಣಿ ಬೆಳೆಯಿತು. ಒಂದು ಮಧ್ಯಾಹ್ನ ಕಾಳಕ್ಕನ ಮೊಮ್ಮಗಳು ಬೀದಿಗೆಲ್ಲ ಕೇಳುವಂತೆ ಕಿರುಚಿ ಅತ್ತಳು. ಆ ಅಳು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದು ಗುಟ್ಟು... ನಿಮ್ಮಲ್ಲೇ ಇರಲಿ. ಅವತ್ತು ಕೂಸು ಸೀನಿದ್ದು ಹೊಗೆಗಲ್ಲ. ಬಗ್ಗಿದಾಗ ನನ್ನ ಕಂಬಳಿಯ ಉಣ್ಣೆ ಮೂಗಿಗೆ ತಾಗಿತ್ತು!

ಬೀದಿಯ ಎರಡು ಕೂಸು ಸತ್ತಾಗ ಆರದ ಬಾಯ್ಲರ್, ಸಾಹುಕಾರನ ಮೊಮ್ಮಗನ ಒಂದು ಸೀನಿಗೆ ಆರಿತು.