ಏಳು ಹಲಗೆ, ಒಂದೇ ಬಾಗು

ಗೆರೆ ಮಾವ ಕೊಯ್ದ ಹಲಗೆಯ ಮೇಲೆ ಒಂದು ಗೋಲಿ ಇಟ್ಟು, ಮನೆಗೆ ಹೋಗಿ, ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಕ್ಕಳ ಕೈ ಹಿಡಿದುಕೊಂಡು ವಾಪಸು ಬಂದು ನೋಡಿದರೂ ಗೋಲಿ ಇಟ್ಟಲ್ಲೇ ಇರುತ್ತದೆ. ಬಿರುಗಾಳಿ ಬೀಸಿದರೂ ಇರುತ್ತದೆ, ಭೂಮಿ ನಡುಗಿದರೂ ಇರುತ್ತದೆ. ಒಮ್ಮೆ ಅವನ ಹಲಗೆಯೊಂದನ್ನು ಕೆರೆಯ ದಡದಲ್ಲಿ ಒರಗಿಸಿಟ್ಟಿದ್ದಾಗ, ಅದನ್ನು ನೋಡಿದ ನೀರು ತನ್ನ ಮಟ್ಟವೇ ಸರಿಯಿಲ್ಲವೆಂದು ನಾಚಿಕೊಂಡು ಒಂದಿಂಚು ಕೆಳಗಿಳಿಯಿತು. ನಂಬದವರು ಇಲ್ಲೇ ನಿಲ್ಲಿಸಬಹುದು.

ನಂಬಿದವರಿಗೆ ಒಂದು ಕೆಟ್ಟ ಸುದ್ದಿ ಇದೆ. ಆ ದಿನ ಬೆಳಿಗ್ಗೆ ವಾಚನಾಲಯದ ಅಂಗಳದಲ್ಲಿ ಗೋಲಿ ಉರುಳಿತು.

ಗೋಲಿ ಇಟ್ಟವರು ವಾಚನಾಲಯ ನಡೆಸುವ ಮೇಡಂ. ಹಿಂದಿನ ವರ್ಷದ ಗಾಳಿಗೆ ಅಂಗಳದ ದೊಡ್ಡ ಮರ ಉರುಳಿತ್ತು. ಅದರ ದಿಮ್ಮಿಯನ್ನು ಗೆರೆ ಮಾವ ಮೋಟಾರು ಗರಗಸದಿಂದ ಏಳು ಹಲಗೆಗಳಾಗಿ ಸೀಳಿಕೊಟ್ಟಿದ್ದ. ಹತ್ತು ಅಡಿ ಉದ್ದ, ಎರಡಿಂಚು ದಪ್ಪ. ಎಂಟು ತಿಂಗಳು ಶೆಡ್ಡಿನ ನೆರಳಲ್ಲಿ ಒಣಗಿದ ಆ ಹಲಗೆಗಳಿಂದ, ಬೀದಿಯವರೆಲ್ಲ ಒಟ್ಟಿಗೆ ಕೂತು ಓದುವಂಥ ಒಂದು ಉದ್ದ ಮೇಜು ಆಗಬೇಕಿತ್ತು. ಮಾಡಬೇಕಾದವಳು ಮಾವನ ಅಕ್ಕನ ಮಗಳು. ಬಡಗಿ ಕೆಲಸ ಕಲಿತು ಸ್ವಂತ ಉಳಿ, ಸ್ವಂತ ಸುತ್ತಿಗೆ ಇಟ್ಟುಕೊಂಡ ಮೇಲೆ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು.

ಮೇಡಂ ಮೇಲಿನ ಹಲಗೆಯ ಈ ತುದಿಗೆ ಗೋಲಿ ಇಟ್ಟರು. ಅದು ನಡುವಿಗೆ ಓಡಿತು. ಆ ತುದಿಗೆ ಇಟ್ಟರು. ಅಲ್ಲಿಂದಲೂ ನಡುವಿಗೇ ಓಡಿ, ಎರಡು ಸಲ ತೂಗಾಡಿ ನಿಂತಿತು. ಎರಡನೆಯ ಹಲಗೆ? ಅದೂ ಹಾಗೇ. ಮೂರನೆಯದು?

ಮೂರನೆಯದನ್ನು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ನಾಲ್ಕಕ್ಕೆ ಸಮಿತಿ ಸೇರಲಿತ್ತು. ಹಲಗೆ ಕೆಟ್ಟಿದ್ದರೆ ಎದುರಿನ ಕಬ್ಬಿಣದ ಮೇಜಿನಂಗಡಿಗೆ ಕೆಲಸ ಹೋಗುತ್ತದೆ. ಹೋದರೆ ಹೋಗಲಿ, ಆದರೆ ಬೀದಿಯ ಮರವನ್ನು ಹಾಳು ಮಾಡಿದವಳು ಎಂಬ ಹೆಸರು ಹೊತ್ತ ಬಡಗಿಯನ್ನು ಎರಡನೆಯ ಕೆಲಸಕ್ಕೆ ಯಾರು ಕರೆಯುತ್ತಾರೆ?

ದರ್ಜಿ ದೊಡ್ಡಮ್ಮನಿಗೆ ಹೇಳಿಕಳಿಸಿದರು. ಆ ಬೀದಿಯಲ್ಲಿ ಏನೇ ಕಳೆದರೂ, ಕೆಟ್ಟರೂ, ಮುರಿದರೂ ಹುಡುಕಿಕೊಡುವವರು ದೊಡ್ಡಮ್ಮ. ಅವರ ಹತ್ತಿರ ಭೂತಗನ್ನಡಿ ಇಲ್ಲ, ಕೊರಳಲ್ಲಿ ಸದಾ ಒಂದು ಅಳತೆ ಟೇಪು ನೇತಾಡುತ್ತಿರುತ್ತದೆ. ಅವರು ನಿಮ್ಮ ಅಂಗಿಯ ಗುಂಡಿ ನೋಡಿ ನಿಮ್ಮ ಅಜ್ಜನ ಸುಳ್ಳನ್ನೂ ಹಿಡಿಯಬಲ್ಲರು.

ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಒಂದು ತೊಗಟೆ ಹಲಗೆ ಬೆಂಚಿನಂತೆ ಬಿದ್ದಿತ್ತು. ದಿಮ್ಮಿಯ ಮೇಲ್ಭಾಗದಿಂದ ಮೊದಲ ಕೊಯ್ತದಲ್ಲಿ ಬಂದ ಹೊರಪದರ ಅದು. ತೊಗಟೆ ಕೆಳಗೆ, ಕೊಯ್ದ ಮುಖ ಮೇಲೆ. ಎಲ್ಲರೂ ಅದರ ಮೇಲೆ ಸಾಲಾಗಿ ಕೂತರು. ವಿಚಾರಣೆ ಶುರುವಾಯಿತು.

ಮೊದಲು ಕಾವಲುಗಾರ. ಮಧ್ಯಾಹ್ನ ಹಲಗೆಯ ಅಟ್ಟಿಯ ಮೇಲೆ ಅಡ್ಡಾಗುತ್ತಿದ್ದದ್ದು ನಿಜವೆಂದೂ, ತಾನು ಊಟಕ್ಕೆ ಮುಂಚೆ ಬಹಳ ಹಗುರವೆಂದೂ ಅವನು ಒಪ್ಪಿಕೊಂಡ. ಊಟ ಆದ ಮೇಲೆ ಎಷ್ಟು ಭಾರ ಎಂದು ಗೆರೆ ಮಾವ ಕೇಳಿದ್ದಕ್ಕೆ ಅವನು ಹೊಟ್ಟೆ ಒಳಗೆಳೆದುಕೊಂಡ.

ಆಮೇಲೆ ಕಬ್ಬಿಣದ ಮೇಜಿನಂಗಡಿಯವನು. ಅವನ ನೀರಿನ ಪೈಪು ಶೆಡ್ಡಿನ ಗೋಡೆಗೇ ತಾಗಿಕೊಂಡಿದೆ. ಹಲಗೆ ಹಾಳಾದರೆ ಲಾಭವೂ ಅವನಿಗೇ. ಒಂದು ಹನಿ ನೀರೂ ಆಚೆ ಹಾರಿಲ್ಲ ಎಂದು ಅವನು ಅಂಗಡಿಯ ಬೀಗದ ಕೈ ಮೇಲೆ ಆಣೆ ಇಟ್ಟ.

ಮೂರನೆಯವಳು ಅಕ್ಕನ ಮಗಳು.

"ಹಲಗೆ ಪೇರಿಸಿದ್ದು ಯಾರು?" ದೊಡ್ಡಮ್ಮ ಕೇಳಿದರು.

"ನಾನೇ, ದೊಡ್ಡಮ್ಮ."

"ಹಲಗೆಗಳ ನಡುವೆ ಮರದ ರೀಪಿನ ತುಂಡು ಎಷ್ಟೆಷ್ಟು ದೂರಕ್ಕೆ ಇಟ್ಟೆ?"

"ಒಂದೂವರೆ ಅಡಿಗೊಂದು. ಎಲ್ಲಾ ಒಂದರ ಮೇಲೊಂದು, ನೇರಕ್ಕೆ. ಗಾಳಿ ಆಡ್ಬೇಕಲ್ಲ."

"ತುದಿಗೆ ಬಣ್ಣ?"

"ಅವತ್ತೇ ಬಳಿದೆ. ಇಲ್ದಿದ್ರೆ ಸೀಳು ಬಿಡುತ್ತೆ."

"ಪೇರಿಸೋವಾಗ ಹಲಗೆ ನೆಟ್ಟಗಿತ್ತಾ?"

ಹುಡುಗಿ ತನ್ನ ಚಪ್ಪಲಿ ನೋಡಿಕೊಂಡಳು. "ಪೇರಿಸಿದ್ದು ನಾನೇ, ದೊಡ್ಡಮ್ಮ," ಎಂದಳು ಮತ್ತೆ.

ಕೇಳಿದ್ದು ಒಂದು, ಬಂದ ಉತ್ತರ ಇನ್ನೊಂದು. ಅದನ್ನು ಗಮನಿಸಿದವರು ಇಬ್ಬರೇ. ಒಬ್ಬರು ದೊಡ್ಡಮ್ಮ. ಇನ್ನೊಬ್ಬ ಗೆರೆ ಮಾವ. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ಆರು ವರ್ಷದವಳಿದ್ದಾಗ ಅವಳ ಕೈಗೆ ಮೊದಲ ಸಲ ಪೆನ್ಸಿಲು ಕೊಟ್ಟು ಹಲಗೆಯ ಮೇಲೆ ಗೆರೆ ಎಳೆಸಿದವನು ಅವನೇ.

ಅಷ್ಟರಲ್ಲಿ ದೊಡ್ಡಮ್ಮ ಎದ್ದು ಶೆಡ್ಡಿಗೆ ಹೋದರು. ಒಂದೊಂದು ಹಲಗೆಗೂ ಈ ತುದಿಯಿಂದ ಆ ತುದಿಗೆ ಹೊಲಿಗೆಯ ದಾರ ಬಿಗಿದರು. ದಾರಕ್ಕೂ ಹಲಗೆಗೂ ನಡುವಿನ ಸಂದನ್ನು ಟೇಪಿನಿಂದ ಅಳೆದರು. ಅಳೆದದ್ದನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದರು. ಏಳು ಸಲ.

ಆ ಹೊತ್ತಿನಲ್ಲಿ ಮಾವನ ಕಣ್ಣ ಮುಂದೆ ಬಂದು ನಿಂತದ್ದು ದಿಮ್ಮಿ ಕೊಯ್ದ ದಿನ. ಅವತ್ತು ಅವನನ್ನು ನೋಡಲು ಮೂರು ಸಾವಿರ ಜನ ಸೇರಿದ್ದರು. ಮರಗಳೂ ಬಗ್ಗಿ ನೋಡಿದವು. ಪ್ರವಾಹದಲ್ಲಿ ತೇಲುವ ದಿಮ್ಮಿಯ ಮೇಲೆ ನಿಂತು ಅದನ್ನೇ ಸೀಳಿ, ಅರ್ಧ ಹಲಗೆಯಲ್ಲಿ ದೋಣಿ, ಇನ್ನರ್ಧದಲ್ಲಿ ಹುಟ್ಟು ಮಾಡಿಕೊಂಡು ದಡ ಸೇರಿದ ತನ್ನ ಹಳೆಯ ಸಾಹಸವನ್ನು ಹೇಳುತ್ತಲೇ ಅವನು ಗರಗಸಕ್ಕೆ ಜೀವ ಕೊಟ್ಟ. ಎಲ್ಲರೂ ಗೋಡೆಯಾಚೆ ಸರಿದು ಕಿವಿಗೆ ಬೆರಳಿಟ್ಟುಕೊಂಡರು. ಮೊದಲ ಕೊಯ್ತ ಅರ್ಧ ದಾರಿ ಮುಟ್ಟಿದಾಗ ಗರಗಸದ ದನಿ ಒಂದು ಎಳೆ ತಗ್ಗಿತು. ಒಂದೇ ಎಳೆ. ಅದು ದಾಟಿ ಮುಂದೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ದೊಡ್ಡಮ್ಮ ವಾಪಸು ಬಂದು ಎಲ್ಲರ ಮುಂದೆ ನಿಂತರು.

"ಕಾವಲುಗಾರ ಮಲಗಿ ಬಾಗಿದ್ರೆ ಮೇಲಿನ ಹಲಗೆ ಜಾಸ್ತಿ ಬಾಗ್ಬೇಕಿತ್ತು, ಅಡಿಯದು ಕಮ್ಮಿ. ನೀರು ಬಿದ್ದು ಬಾಗಿದ್ರೆ ಗೋಡೆ ಕಡೆ ಒಂಥರ, ಈ ಕಡೆ ಒಂಥರ ಆಗ್ಬೇಕಿತ್ತು. ಪೇರಿಸಿದ್ದು ತಪ್ಪಾಗಿದ್ರೆ ರೀಪು ಇದ್ದಲ್ಲೆಲ್ಲ ಅಲೆ ಏಳ್ಬೇಕಿತ್ತು." ಗೋಡೆಯ ಕಡೆ ಕೈ ತೋರಿಸಿದರು. "ಏಳೂ ಹಲಗೆ ಮುಕ್ಕಾಲು ಇಂಚೇ ಬಾಗಿವೆ. ಏಳೂ ಒಂದೇ ಜಾಗದಲ್ಲಿ. ರೀಪು ತೆಗೆದು ಇಟ್ರೆ ಒಂದರೊಳಗೊಂದು ತಟ್ಟೆ ಥರ ಕೂತ್ಕೋತವೆ."

ದೊಡ್ಡಮ್ಮ ಕೊರಳಿನ ಟೇಪು ಸರಿಮಾಡಿಕೊಂಡರು.

"ನಾನು ಹತ್ತು ಅಂಗಿ ಹೊಲಿದು ಹತ್ತರಲ್ಲೂ ಎಡಗಡೆ ತೋಳು ಗಿಡ್ಡ ಆದ್ರೆ, ಹೊಲಿದವಳ್ನ ಬೈಯ್ತೀರಾ, ಇಸ್ತ್ರಿ ಮಾಡಿದವನ್ನ ಬೈಯ್ತೀರಾ? ಕತ್ತರಿಸೋಕೆ ಇಟ್ಟ ಅಚ್ಚು ಕಾಗದ ನೋಡ್ಬೇಕು. ಈ ಹಲಗೆಗಳು ಒಣಗ್ತಾ ಬಾಗಿದ್ದಲ್ಲ. ಹುಟ್ಟಿದ್ದೇ ಹೀಗೆ." ಅವರು ಗೆರೆ ಮಾವನ ಕಡೆ ತಿರುಗಿದರು. "ಮೊದಲ ಕೊಯ್ತ ಹೇಗೆ ಕೊಯ್ತೀಯಪ್ಪ? ಸ್ವಲ್ಪ ತಿಳಿಸಿಹೇಳು. ನಮಗೇನು ಗೊತ್ತಾಗುತ್ತೆ."

ಕೆಲಸದ ಬಗ್ಗೆ ಕೇಳಿದರೆ ಸುಮ್ಮನಿರುವ ಜನ್ಮ ಅವನದಲ್ಲ. ಎದ್ದು ನಿಂತು, ಕೈ ಬೀಸಿ, ಗುಂಡನೆಯ ದಿಮ್ಮಿಗೆ ಮೊದಲು ಒಂದು ಚಪ್ಪಟೆ ಮುಖ ಬೇಕು ಎಂದ. ಅದಕ್ಕೆ ದಿಮ್ಮಿಯ ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಏಣಿ ಮಲಗಿಸಬೇಕು. ಗರಗಸದ ಚೌಕಟ್ಟು ಆ ಏಣಿಯ ಮೇಲೆ ಜಾರಿಕೊಂಡು ಹೋಗುತ್ತದೆ. ಏಣಿ ಹೇಗೋ ಕೊಯ್ತ ಹಾಗೆ. ಎರಡನೆಯ ಕೊಯ್ತಕ್ಕೆ ಏಣಿ ಬೇಡ. ಮೊದಲ ಮುಖವೇ ದಾರಿ. ಅದನ್ನೇ ನೋಡಿಕೊಂಡು ಉಳಿದವೆಲ್ಲ ಬರುತ್ತವೆ.

"ಏಣಿ ಅಲ್ಲಾಡಲ್ವಾ?"

"ಅಲ್ಲಾಡೋಕೆ ಬಿಡ್ತೀನಾ? ಈ ತುದಿಗೆ ಎರಡು ಸ್ಕ್ರೂ, ಆ ತುದಿಗೆ ಎರಡು ಸ್ಕ್ರೂ. ಗರಗಸದ ಭಾರಕ್ಕೆ ಏಣಿ ಜಗ್ಗಬಾರ್ದು ನೋಡಿ, ಅದಕ್ಕೆ ನಡುವೆ ಕೆಳಗಡೆಯಿಂದ ಒಂದು ಮರದ ತುಂಡು ಒತ್ತುಕೊಟ್ಟು, ಅಲ್ಲೂ ಎರಡು ಸ್ಕ್ರೂ..."

ಅವನ ನಾಲಿಗೆ ಅಲ್ಲಿಗೇ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ.

"ಎಲ್ಲರೂ ಏಳಿ," ಎಂದರು ದೊಡ್ಡಮ್ಮ. "ಬೆಳಗಿಂದ ಸಾಕ್ಷಿಯ ಮೇಲೇ ಕೂತಿದ್ದೀರಿ."

ಕಾವಲುಗಾರ ತೊಗಟೆ ಹಲಗೆಯನ್ನು ಮಗುಚಿದ. ಒಂದು ತುದಿಗೆ ಎರಡು ಸ್ಕ್ರೂ ತೂತು. ಇನ್ನೊಂದು ತುದಿಗೆ ಎರಡು ತೂತು. ನಡುವೆ ತೊಗಟೆ ಹುಟ್ಟಿದ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ.

"ನಡುವಿನ ತುಂಡು ಎಲ್ಲಿ ಹೋಯ್ತು ಮಾವ?" ಮೇಡಂ ಕೇಳಿದರು.

ಗೆರೆ ಮಾವ ಅಕ್ಕನ ಮಗಳ ಮುಖ ನೋಡಿದ. ಅವಳು ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಹಲಗೆ ಬಾಗಿರುವುದು ಅವಳಿಗೆ ಪೇರಿಸುವ ದಿನವೇ ಗೊತ್ತಾಗಿತ್ತು. ಮಾವನ ಹೆಸರು ಕೆಡಬಾರದೆಂದು ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಈಗ ತನ್ನ ಹೆಸರನ್ನೇ ಕೊಡಲು ಹೊರಟಿದ್ದಳು.

"ತಪ್ಪು ನಂದೇ," ಎಂದ ಮಾವ. "ಆ ತುಂಡು ಟೀ ಲೋಟದ ಅಡಿಗಿತ್ತು. ಕಥೆ ಹೇಳೋ ಭರದಲ್ಲಿ ಏಣಿಗೆ ಕೊಡೋದು ಮರೆತೇಹೋಯ್ತು. ಜಗ್ಗಿದ್ದು ಗೊತ್ತೇ ಆಗ್ಲಿಲ್ಲ ದೊಡ್ಡಮ್ಮ. ಇವಳ ಕೈಯಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ."

ಕಾವಲುಗಾರ ತನ್ನ ಕೋಣೆಯಿಂದ ಒಂದು ಮರದ ತುಂಡು ತಂದ. ಎಂಟು ತಿಂಗಳಿಂದ ಅವನು ಅದರ ಮೇಲೆ ಟೀ ಪಾತ್ರೆ ಇಡುತ್ತಿದ್ದ. ಅದರ ಮೇಲೆ ಲೋಟದ ಗುಂಡನೆಯ ಕಲೆಗಳು ಒಂದರ ಮೇಲೊಂದು ಬಿದ್ದಿದ್ದವು.

ಆಗ ಹುಡುಗಿ ತನ್ನ ಚೀಲದಿಂದ ಒಂದು ಪುಸ್ತಕ ತೆಗೆದಳು. ಅದರಲ್ಲಿ ಹತ್ತು ಅಡಿಯ ಒಂದು ಮೇಜಿನ ಬದಲು ಐದು ಅಡಿಯ ಎರಡು ಮೇಜುಗಳ ಚಿತ್ರವಿತ್ತು. ಹಲಗೆಯನ್ನು ನಡುವೆ ಕತ್ತರಿಸಿದರೆ ಬಾಗು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ ಎಂದು ಅವಳು ದಾರ ಹಿಡಿದು ತೋರಿಸಿದಳು. ಉಳಿಯುವುದು ಕಾಲು ಇಂಚೂ ಇಲ್ಲ. ಎರಡಿಂಚು ದಪ್ಪದ ಹಲಗೆಯಲ್ಲಿ ಉಜ್ಜುಗೊರಡು ಅಷ್ಟನ್ನು ನುಂಗಿ ನೀರು ಕುಡಿಯುತ್ತದೆ. ಎರಡು ಮೇಜು ಜೋಡಿಸಿದರೆ ಒಂದೇ ಉದ್ದ ಮೇಜು, ಬಿಡಿಸಿದರೆ ಒಂದು ಮಕ್ಕಳಿಗೆ.

"ಇದನ್ನ ಯಾವಾಗ ಬರ್ದೆ?" ದೊಡ್ಡಮ್ಮ ಕೇಳಿದರು.

"ಪೇರಿಸಿದ ದಿನವೇ."

ನಾಲ್ಕಕ್ಕೆ ಸಮಿತಿ ಸೇರಿತು. ನಾಲ್ಕೂಕಾಲಿಗೆ ಕೆಲಸ ಅವಳಿಗೇ ಎಂದು ಬರೆದುಕೊಟ್ಟಿತು. ಮೇಜಿನಂಗಡಿಯವನು ಎರಡು ಮೇಜು ಜೋಡಿಸುವ ಕೊಂಡಿಗಳನ್ನು ತಾನೇ ಕೊಡುತ್ತೇನೆಂದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ವಾಚನಾಲಯದ ಗೋಡೆ ಪತ್ರಿಕೆಗೆಂದು ಬರೆದು, ಹೊಸ ಮೇಜಿನ ಮೇಲೆ ಇಟ್ಟೂ ಆಗಿತ್ತು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಅರ್ಧ ದಾರೀಲಿ ಗರಗಸದ ದನಿ ಒಂದು ಎಳೆ ತಗ್ಗಿತು ಅಂತ ಬರ್ದಿದೆ. ನಾವೆಲ್ಲ ಗೋಡೆಯಾಚೆ ಕಿವಿಗೆ ಬೆರಳಿಟ್ಕೊಂಡು ನಿಂತಿದ್ವಿ. ಆ ದನಿ ಕೇಳಿಸಿದ್ದು ಯಾರಿಗಪ್ಪ?"

ಅಕ್ಕನ ಮಗಳು ಆಗಲೇ ನಗುತ್ತಿದ್ದಳು.

ಸರಿ, ಸಿಕ್ಕಿಬಿದ್ದೆ. ಗೆರೆ ಮಾವ ನಾನೇ. ಅವತ್ತು ಸೇರಿದ್ದು ಮೂರು ಸಾವಿರ ಜನ ಅಲ್ಲ, ಹನ್ನೊಂದು ಜನ. ಪ್ರವಾಹ ಕಂಡವನೇ ಅಲ್ಲ ನಾನು, ನನಗೆ ಈಜು ಬರುವುದಿಲ್ಲ. ಮತ್ತೆ ಆ ದನಿ ತಗ್ಗಿದ್ದು ನನಗೆ ಕೇಳಿಸಿತ್ತು. ಏಣಿ ಜಗ್ಗುತ್ತಿದೆ ಎಂದು ಆಗಲೇ ಗೊತ್ತಾಯಿತು. ಗರಗಸ ಆರಿಸಿ, ತುಂಡು ಕೊಟ್ಟು ಇನ್ನೊಮ್ಮೆ ಕೊಯ್ಯಬಹುದಿತ್ತು. ಹನ್ನೊಂದು ಜನರ ಮುಂದೆ ನಿಲ್ಲಿಸಲು ನಾಚಿಕೆಯಾಯಿತು.

ಆ ತುಂಡು ಈಗ ನನ್ನ ಚೀಲದಲ್ಲಿದೆ. ಏಣಿಗೆ ಮೊದಲ ಸ್ಕ್ರೂ ನಡುವಿಗೇ ಹಾಕುತ್ತೇನೆ. ಟೀ ಏನಿದ್ದರೂ ಕೆಲಸ ಆದ ಮೇಲೆ. ಹೊಸ ಮೇಜಿನ ಮೇಲೆ ಗೋಲಿ ಇಟ್ಟು ನೋಡಿದೆವು. ನಿಂತಿತು. ಆದರೆ ಆ ಮೇಜು ನಾನು ಮಾಡಿದ್ದಲ್ಲ.