ಎಲ್ಲರ ಪಾಲಿನ ಪೊಟ್ಟಣ

"ಮಗುವಿನ ಪೊಟ್ಟಣ ಮಾರಿ ಏನು ಕೊಂಡ್ಕೊಂಡ್ರಿ?"

ಡೆಲ್ಮಾಳ ಆ ಪ್ರಶ್ನೆಗೆ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತಿದ್ದ ತಾಯಂದಿರೆಲ್ಲ ಒಮ್ಮೆಲೇ ಇತ್ತ ತಿರುಗಿದರು.

ಎದುರಿಗೆ ನಿಂತಿದ್ದವನು ಮೇಲಿನ ಬೆಟ್ಟದೂರಿನ ಕಾವುಪಾ. ಅವನು ತೊಟ್ಟಿಲಿನಂತೆ ನೇತುಹಾಕಿಕೊಂಡಿದ್ದ ಹೆಣೆದ ಚೀಲದೊಳಗೆ, ತೀರಿಹೋದ ತಂಗಿಯ ಮಗಳು ನೇಮಾ ಮಲಗಿದ್ದಳು. ಆ ಮಗುವಿಗೆ ಅಳುವುದಕ್ಕೂ ಶಕ್ತಿಯಿರಲಿಲ್ಲ. ತೋಳಿಗೆ ಸುತ್ತಿದ ಅಳತೆಪಟ್ಟಿ ಇನ್ನೂ ಕೆಂಪು ಬಣ್ಣದಲ್ಲೇ ನಿಂತಿತ್ತು, ಅಂದರೆ ಮಗು ತೀರಾ ಸೊರಗಿತ್ತು.

ಡೆಲ್ಮಾ ಈ ಕೇಂದ್ರಕ್ಕೆ ನರ್ಸ್ ಆಗಿ ಬಂದು ಇನ್ನೂ ವಾರವಾಗಿರಲಿಲ್ಲ. ಅವಳಿಗಿಂತ ಮೊದಲಿದ್ದವರು ನೇಮಾಗೆ ಕಡಲೆಕಾಯಿಯಿಂದ ಮಾಡಿದ ಔಷಧಿ ಪೊಟ್ಟಣಗಳನ್ನು ತಪ್ಪದೆ ಕೊಟ್ಟಿದ್ದರು. ಆದರೂ ಮಗು ಮೈತುಂಬಿಕೊಂಡಿರಲಿಲ್ಲ. ಅಂದು ಬೆಳಿಗ್ಗೆ ದಾರಿಯಲ್ಲಿ ಬೇರೆ ಮಕ್ಕಳು ಅದೇ ಪೊಟ್ಟಣಗಳನ್ನು ನೆಕ್ಕುತ್ತಿದ್ದುದನ್ನು ಅವಳೇ ಕಂಡಿದ್ದಳು. ಇನ್ನೇನು ಸಾಕ್ಷಿ ಬೇಕು?

"ಮಾರಿಲ್ಲ ಸಿಸ್ಟರ್" ಎಂದಷ್ಟೇ ಹೇಳಿದ ಕಾವುಪಾ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಹೊಸ ಪೊಟ್ಟಣಗಳನ್ನೂ ಕೇಳದೆ ಮೆಟ್ಟಿಲಿಳಿದು ಹೋಗಿಬಿಟ್ಟ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದುಕೊಂಡಳು ಡೆಲ್ಮಾ. ಆದರೆ ಮುಂದಿನ ವಾರ ಅವನು ಬರಲೇ ಇಲ್ಲ.

'ನನ್ನ ನಾಲಿಗೆಯಿಂದ ಆ ಮಗು ಸತ್ತರೆ...?'

ಊಟ ಸೇರಲಿಲ್ಲ. ಪೊಟ್ಟಣಗಳನ್ನು ತುಂಬಿಕೊಂಡು ಬೆಟ್ಟ ಹತ್ತಿಯೇಬಿಟ್ಟಳು.

ಅಂಗಳದಲ್ಲಿ ಹಟ್ಟಿಯ ಮಕ್ಕಳೆಲ್ಲ ಕಾವುಪಾನ ಸುತ್ತ ಕೂತಿದ್ದರು. ಉಳಿದಿದ್ದ ಒಂದೇ ಪೊಟ್ಟಣವನ್ನು ಹಿಂಡಿ ಹಿಂಡಿ ಒಬ್ಬೊಬ್ಬರ ಬೆರಳಿಗೂ ಚೂರು ಚೂರು ಹಚ್ಚುತ್ತಿದ್ದ. ಕೊನೆಗೆ ನೇಮಾಳ ಬಾಯಿಗೆ ಉಳಿದದ್ದು ಒಂದು ತೊಟ್ಟು.

ಡೆಲ್ಮಾಗೆ ಆಗ ಅರ್ಥವಾಯಿತು. ಇವನು ಮಾರಿರಲಿಲ್ಲ, ಹಂಚಿದ್ದ!

"ಇದು ಇವಳೊಬ್ಬಳ ಔಷಧಿ ಅಲ್ವಾ?" ಎಂದಳು ಮೆಲ್ಲಗೆ.

"ಬೇರೆ ಮಕ್ಕಳು ನೋಡ್ತಾ ಕೂತಿರೋವಾಗ ಇವಳೊಬ್ಬಳಿಗೇ ಹೇಗೆ ತಿನ್ನಿಸ್ಲಿ ಸಿಸ್ಟರ್? ಅಪ್ಪ ಅಮ್ಮ ಇಲ್ಲದ ಮಗು. ನಾಳೆ ಇವಳಿಗೆ ಇವರೇ ಬಂಧುಗಳು. ಒಬ್ಬಳೇ ತಿಂದೋಳು ಅಂತ ಹೆಸರು ಬಂದ್ರೆ, ಇವಳ ಕಷ್ಟಕ್ಕೆ ಯಾರು ಬರ್ತಾರೆ?"

ಡೆಲ್ಮಾಳೂ ಇದೇ ಬೆಟ್ಟಗಳ ಮಗಳು. ಒಬ್ಬರೇ ಕೂತು ತಿನ್ನುವುದಕ್ಕಿಂತ ದೊಡ್ಡ ನಾಚಿಕೆ ಇಲ್ಲವೆಂದು ಅವಳಮ್ಮನೂ ಕಲಿಸಿದ್ದಳು. ಅದನ್ನು ಹೇಗೆ ಮರೆತೆ ಎಂದು ತನ್ನನ್ನೇ ಬೈದುಕೊಂಡಳು.

"ಹಂಚೋದು ಬಿಡಬೇಡಿ. ಆದ್ರೆ ಔಷಧಿ ಬೇಡ, ಊಟ ಹಂಚೋಣ" ಎಂದಳು.

ಅಂದೇ ಅಂಗಳದಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆ ಏರಿತು. ಆ ಊರಿನವರು ಬೆಳೆದ ಕಡಲೆಕಾಯಿ, ಸಾಕಿದ ಕೋಳಿಯ ಮೊಟ್ಟೆ ಎಲ್ಲ ಸಂತೆಗೆ ಹೋಗುತ್ತಿತ್ತು. ಮಕ್ಕಳಿಗೆ ಬರೀ ಗೆಣಸು. ಡೆಲ್ಮಾ ಆ ಗೆಣಸಿನ ಜೊತೆಗೇ ಹುರಿದು ಕುಟ್ಟಿದ ಕಡಲೆಕಾಯಿ, ಕುಂಬಳದ ಕುಡಿ, ಮೊಟ್ಟೆ ಹಾಕಿ ಬೇಯಿಸಿದಳು. ಊರಿಗೆಲ್ಲ ಅಜ್ಜಿಯಾದ ಬೂಬೂ, ಒಂದೂ ಹೆರದವಳು ನಮಗೆ ಮಕ್ಕಳನ್ನು ಸಾಕುವುದು ಕಲಿಸುತ್ತಾಳೆ ನೋಡಿ ಎಂದು ಚುಚ್ಚಿದಳು. ಚುಚ್ಚುತ್ತಲೇ ಸೌದೆ ತಂದುಕೊಟ್ಟಳು. ಹಟ್ಟಿಯ ಮಕ್ಕಳೆಲ್ಲ ಹೊಟ್ಟೆ ತುಂಬ ಉಂಡರು. ನೇಮಾ ತನ್ನ ಪೊಟ್ಟಣವನ್ನು ಪೂರ್ತಿ ತಿಂದಳು, ಯಾರೂ ಆಸೆಗಣ್ಣಿಂದ ನೋಡಲಿಲ್ಲ.

ಎಲ್ಲರೆದುರು ಆಡಿದ ಮಾತಿಗೆ ಮುಂದಿನ ವಾರ ಡೆಲ್ಮಾ ಜಗಲಿಯ ಮೇಲೆ ಎಲ್ಲರೆದುರೇ ಕಾವುಪಾನ ಕ್ಷಮೆ ಕೇಳಿದಳು. ಅವನು ತಲೆಯಾಡಿಸಿ, ಹೊಸ ಪೊಟ್ಟಣಗಳಿಗೆ ಕೈಚಾಚಿದ.

ಆಮೇಲೆ ವಾರವಾರವೂ ಬೆಟ್ಟ ಹತ್ತಿದಳು. ತಾಯಂದಿರು ಅಡುಗೆ ಕಲಿತರು, ಕೈ ತೊಳೆಸುವುದು ಕಲಿತರು. ಕಾವುಪಾ ಪಕ್ಕದಲ್ಲೇ ಕೂತು ಕಡಲೆಕಾಯಿ ಕುಟ್ಟುತ್ತಿದ್ದ. ಅವಳು ಹೊರಟಾಗ ಹಳ್ಳದವರೆಗೆ ಜೊತೆಗೆ ಬರುತ್ತಿದ್ದ. ಕಲ್ಲು ಜಾರುವಲ್ಲಿ ಕೈ ಹಿಡಿಯುತ್ತಿದ್ದ, ದಾಟಿದ ಕೂಡಲೇ ಬಿಡುತ್ತಿದ್ದ.

'ಅಷ್ಟು ಬೇಗ ಯಾಕೆ ಬಿಡ್ತಾನೆ? ಆವತ್ತಿನ ಮಾತು ಇನ್ನೂ ಮನಸ್ಸಲ್ಲಿಟ್ಟಿದಾನಾ...?'

ಹಾಲುಗೆನ್ನೆ ಬಂದ ನೇಮಾ ಡೆಲ್ಮಾಳ ಜಡೆ ಹಿಡಿದು ಎಳೆಯುವಷ್ಟು ಗಟ್ಟಿಯಾದಳು. ಇನ್ನು ಕೇಂದ್ರಕ್ಕೆ ಬರಬೇಕಿಲ್ಲ ಎಂದು ಡೆಲ್ಮಾಳೇ ಹೇಳಬೇಕಾಯಿತು. ಹೇಳುವಾಗ ಸಂತೋಷಕ್ಕೋ ಸಂಕಟಕ್ಕೋ ಕಣ್ಣು ತುಂಬಿತು. ಕಾವುಪಾ ಏನೋ ಹೇಳಲು ಬಾಯಿ ತೆರೆದ, ಹೇಳದೆ ಹೋದ.

ಕೆಲವು ದಿನಗಳ ಮೇಲೆ ಬೆಟ್ಟದೂರಿನ ಹೆಂಗಸರೆಲ್ಲ ಗುಂಪಾಗಿ ಕೇಂದ್ರಕ್ಕೆ ಇಳಿದು ಬಂದರು. ಹಿಂದೆ, ತಲೆ ತಗ್ಗಿಸಿಕೊಂಡು ಕಾವುಪಾ. ಡೆಲ್ಮಾ ಗಾಬರಿಯಿಂದ, ಯಾವ ಮಗುವಿಗೆ ಏನಾಯಿತು ಎಂದು ಕೇಳಿದಳು.

"ಮಕ್ಕಳು ಚೆನ್ನಾಗಿದಾವೆ. ಈ ದೊಡ್ಡೋನಿಗೇ ಊಟ ಸೇರ್ತಿಲ್ಲ" ಎಂದಳು ಬೂಬೂ. "ಇದ್ದ ಹಂದೀನೆಲ್ಲ ತಂಗಿ ಸಾವಿನ ಊಟಕ್ಕೆ ಕಡಿದ. ನಿನ್ನ ಮದುವೆಗೆ ನಿಮ್ಮಪ್ಪನಿಗೆ ತೆರ ಕೊಡೋಕೆ ಒಂದೂ ಇಲ್ಲ ಅಂತ ಬಾಯಿ ಹೊಲ್ಕೊಂಡು ಕೂತಿದಾನೆ. ನಿನ್ನ ಪಾತ್ರೇಲಿ ನಮ್ಮ ಮಕ್ಕಳು ಉಂಡಿದಾವೆ ತಾಯಿ. ಆ ಮನೆಗಳವರೆಲ್ಲ ಸೇರಿ ಹಂದಿ ಕೊಡ್ತೀವಿ. ನಿಮ್ಮಪ್ಪನ ಊರಿಗೆ ಅಟ್ಕೊಂಡು ಹೋಗೋದಾ?"

ಡೆಲ್ಮಾ ಬೂಬೂಳ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಎಂಥ ಜನ... ಇಷ್ಟು ಪ್ರೀತಿಗೆ ತಾನು ಮಾಡಿದ್ದಾದರೂ ಏನು!

ಕಣ್ಣೊರೆಸಿಕೊಂಡು ಕಾವುಪಾನತ್ತ ತಿರುಗಿದಳು.

"ಊರೆಲ್ಲ ಕೇಳಿಯಾಯ್ತು. ನೀನು ಇನ್ನೂ ಕೇಳಿಲ್ಲ."

"ಬರಿಗೈಲಿ ಹೇಗೆ ಕೇಳ್ಲಿ ಅಂತ..."

"ನಾನು ಎಲ್ಲರೆದುರು ಕಳ್ಳ ಅಂದೋಳು. ಆ ಸಿಟ್ಟಿಗೆ ಕೇಳ್ತಿಲ್ಲ ಅಂದ್ಕೊಂಡಿದ್ದೆ."

"ಬೈದೋಳೇ ಬೆಟ್ಟ ಹತ್ತಿ ಬಂದು ನನ್ನ ಮಗೂನ ಉಳಿಸಿದ್ಲು. ನನಗೆ ನೆನಪಿರೋದು ಅದೇ." ಅವನು ತಲೆಯೆತ್ತಿದ. "ನನ್ನ ಜೊತೆ ಬರ್ತೀಯಾ ಡೆಲ್ಮಾ?"

ಅವಳು ಹತ್ತಿರ ಬಂದು ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಹಂದಿ ಇಲ್ದಿದ್ರೂ ಬರ್ತಿದ್ದೆ."

"ಮೆಲ್ಲಗೆ... ಬೂಬೂಗೆ ಕೇಳಿದ್ರೆ ಹಂದಿ ವಾಪಸ್ ಹೊಡ್ಕೊಂಡು ಹೋಗ್ತಾಳೆ."