ಎರಡನೆಯ ಕ್ಲಸ್ಟರಿನ ಟೈಮರ್

ಹಿರಿಯಡ್ಕದ ತಿರುವಿನಲ್ಲಿ ಜೀಪು ನನ್ನ ಸ್ಕೂಟರನ್ನು ಸವರಿತು!

ಹ್ಯಾಂಡಲ್ ಅದುರಿತು. ನಾನು ಬೀಳಲಿಲ್ಲ.

“ನಿಲ್ಲಿಸಿ ಇಮೆಲ್ಡಾ!” ಜೀಪಿನಿಂದ ಕೂಗಿದವನು ಸರ್ವೋತ್ತಮ, ನಮ್ಮ ಕಂಪೆನಿಯ ಮಾಲೀಕ. “ಕಾರ್ಕಳಕ್ಕೆ ಹೋದ್ರೆ ನಿಮಗೆ ಕೆಲಸ ಇಲ್ಲ!”

“ಕೆಲಸ ನೀವೇ ಇಟ್ಕೊಳ್ಳಿ!”

ಎದುರಿಗೆ ಬಸ್ಸು. ಅವನು ಬ್ರೇಕ್ ಹಾಕಿದ. ನಾನು ಸಂದಿಯಲ್ಲಿ ನುಗ್ಗಿದೆ.

ಇಷ್ಟು ಅವಸರ ಯಾಕೆ? ಹೇಳುತ್ತೇನೆ.

2009ರ ಏಪ್ರಿಲ್. ಮಣಿಪಾಲದಲ್ಲಿ ನಾವು ರೋಗಿಗೆ ಔಷಧಿ ಹರಿಸುವ ಪಂಪು ಮಾಡುತ್ತಿದ್ದೆವು. ಅದರ ಪ್ರೊಸೆಸರಿನಲ್ಲಿ ಎರಡು ಕ್ಲಸ್ಟರ್, ಅಂದರೆ ಕೆಲಸ ಹಂಚಿಕೊಳ್ಳುವ ಎರಡು ಭಾಗ. ಒಂದೊಂದಕ್ಕೂ ಸ್ವಂತ ಟೈಮರ್. ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮು, ಕರ್ನೆಲ್, ಮೊದಲನೆಯ ಟೈಮರನ್ನು ಮಾತ್ರ ಶುರು ಮಾಡುತ್ತಿತ್ತು. ‘ಹತ್ತು ಸೆಕೆಂಡಿಗೆ ನಿಲ್ಲು’ ಎಂಬ ಆಜ್ಞೆ ಎರಡನೆಯದಕ್ಕೆ ಹೋಯಿತೋ... ಹತ್ತನೇ ಸೆಕೆಂಡು ಬರುವುದೇ ಇಲ್ಲ. ಔಷಧಿ ಹರಿಯುತ್ತಲೇ ಇರುತ್ತದೆ!

ನಾನು ಅದನ್ನು ಸರಿಪಡಿಸಿದ್ದೆ. ಹನ್ನೆರಡು ಸಾಲು ಕೋಡ್.

ಆ ಮಧ್ಯಾಹ್ನ ನೋಡಿದರೆ ಸಾಲುಗಳಿಲ್ಲ. ಕಂಪ್ಯೂಟರಿನ ದಾಖಲೆಯಲ್ಲಿ ತೆಗೆದವರ ಹೆಸರು... ಇಮೆಲ್ಡಾ!

ನನ್ನ ಪಾಸ್‌ವರ್ಡ್ ಗೊತ್ತಿದ್ದದ್ದು ಒಬ್ಬಳಿಗೆ. ಸರಸ. ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿ. ಅಮ್ಮ ಸತ್ತಾಗ ಶಿರ್ವಕ್ಕೆ ಬಂದು ಮೂರು ದಿನ ನನಗೆ ಗಂಜಿ ಕುಡಿಸಿದವಳು.

ಆ ಕುರ್ಚಿ ಈಗ ಖಾಲಿ. ಫೋನ್ ಮಾಡಿದೆ.

“ಟೆಸ್ಟ್ ಪಾಸ್ ಆಗಿದೆ ಮಾರಾಯ್ತಿ.”

“ಯಾವಾಗ ಮಾಡಿದ್ದು?”

“ನಿನ್ನೆ. ಕರೆಂಟ್ ಹೋದಾಗ.”

ಕರೆಂಟ್ ಹೋದರೆ ನಮ್ಮ ಲ್ಯಾಬ್ ಇನ್ವರ್ಟರಿನಲ್ಲಿ ನಡೆಯುತ್ತದೆ. ಬ್ಯಾಟರಿ ಉಳಿಯಲೆಂದು ಆಗ ಎರಡನೆಯ ಕ್ಲಸ್ಟರ್ ಆಫ್; ಆಜ್ಞೆಯೆಲ್ಲ ಮೊದಲನೆಯದಕ್ಕೇ. ಮಲಗಿದವರು ತಪ್ಪು ಮಾಡುವುದಿಲ್ಲ!

“ನಿಂಗೆ ಗೊತ್ತಿತ್ತು ಸರಸ!”

“ನಿನ್ನದು ಇಟ್ರೆ ಎಲ್ಲ ಟೆಸ್ಟ್ ಪುನಃ ಮಾಡ್ಬೇಕು. ಹದಿನೈದು ದಿನ. ಪಂಪು ಇವತ್ತೇ ಕಾರ್ಕಳಕ್ಕೆ ಹೋಗ್ಬೇಕಿತ್ತು, ಹೋಯ್ತು. ಎಂತ ಮಾಡುದು?”

“ನನ್ನ ಹೆಸರಲ್ಲಿ?”

ಅವಳು ಫೋನ್ ಇಟ್ಟಳು. ನನ್ನ ಗಂಡನೂ ಮನೆ ಬಿಟ್ಟ ದಿನ ಹೀಗೇ ಫೋನ್ ಇಟ್ಟಿದ್ದ.

ಕಾರ್ಕಳದ ನರ್ಸಿಂಗ್ ಹೋಮಿಗೆ ಡಯಲ್ ಮಾಡಿದೆ. ಎಂಗೇಜ್... ಎಂಗೇಜ್. ಸ್ಕೂಟರ್ ಹತ್ತಿದೆ. ಹಿಂದೆಯೇ ಜೀಪು. ನಾನು ಹೊರಟದ್ದನ್ನು ಮಾಲೀಕನ ಕಿವಿಗೆ ಹಾಕಿದ್ದೂ ಅವಳೇ!

ವಾರ್ಡಿಗೆ ನುಗ್ಗಿದೆ. ಮಂಚದ ಮೇಲೆ ಸಾರಮ್ಮ ಎಂಬ ಮುದುಕಿ. ಪಂಪಿನ ಮೋಟಾರು ತಿರುಗುತ್ತಲೇ ಇತ್ತು.

ಕೊಳವೆಯನ್ನು ಮಡಚಿ ಮುಷ್ಟಿಯಲ್ಲಿ ಬಿಗಿದೆ.

“ಹೇ! ಯಾರು ನೀವು?” ಡಾಕ್ಟರ್ ಮ್ಯಾಥ್ಯೂ ಗದರಿದರು.

“ಹತ್ತು ಸೆಕೆಂಡಿನ ಡೋಸ್, ಅಲ್ವಾ? ಎಷ್ಟು ಹೊತ್ತಾಯ್ತು ನೋಡಿ!”

ಅವರು ವಾಚು ನೋಡಿದರು. ಸೂಜಿ ಕಿತ್ತರು.

ಸಾರಮ್ಮ ಕಣ್ಣು ತೆರೆದರು. “ಎಂತ ಮಗಳೇ... ಹಾವು ಹಿಡಿದ ಹಾಗೆ ಹಿಡ್ಕೊಂಡಿದ್ದಿ?”

ಬದುಕಿದ್ದರು!

ಅಷ್ಟರಲ್ಲಿ ಕಿಟಕಿಯ ಹೊರಗೆ ಜೀಪು ಬಂದು ನಿಂತಿತು. ಸರ್ವೋತ್ತಮ ಇಳಿಯಲಿಲ್ಲ. ಅವನ ಪಕ್ಕದಲ್ಲಿ ಕೂತಿದ್ದ ಸರಸ ಓಡಿ ಬಂದು ನನ್ನ ತೋಳು ಹಿಡಿದಳು.

“ನನ್ನ ಹೆಸರು ಹೇಳ್ಬೇಡ ಇಮ್ಮಿ. ನಾವು ಫ್ರೆಂಡ್ಸ್ ಅಲ್ವಾ?”

ಡಾಕ್ಟರ್ ಪೆನ್ನು ತೆಗೆದರು. “ಪೊಲೀಸ್ ಕಂಪ್ಲೇಂಟ್ ಕೊಡ್ತೇನೆ. ಇದು ಯಾರ ಕೆಲಸ? ಪೂರ್ತಿ ವಿಳಾಸ ಬೇಕು.”

ಹೇಳಿದೆ. ಅವಳ ಹೆಸರು, ಕಾಪುವಿನ ಮನೆ ನಂಬರು, ಓಣಿ, ಪಿನ್‌ಕೋಡ್...

ಅಷ್ಟೆಲ್ಲ ಬಾಯಿಪಾಠ ಇರುವುದು ಜೀವದ ಗೆಳತಿಗೆ ಮಾತ್ರ.